ಹೋಗುವಾಗ ಐದು, ಬರುವಾಗ ಹದಿನೈದು

ನಮ್ಮ ಭಾವನವರಿಗೆ ಹಣದ ಅಹಂಕಾರವಿಲ್ಲ, ರೂಪದ ಅಹಂಕಾರ ಇರಲು ಕಾರಣವಿಲ್ಲ. ಇರುವುದು ಒಂದೇ, ಸಮಯದ ಅಹಂಕಾರ. ಅವರ ಗಡಿಯಾರ ರಿಪೇರಿ ಅಂಗಡಿಯ ಗೋಡೆಯ ಮೇಲೆ ಅರವತ್ತೊಂದು ಗಡಿಯಾರಗಳಿವೆ. ಅರವತ್ತೊಂದೂ ಒಂದೇ ಏಟಿಗೆ ಗಂಟೆ ಹೊಡೆಯಬೇಕು. ಅರ್ಧ ನಿಮಿಷ ಹಿಂದೆ ಬಿದ್ದದ್ದನ್ನು ಗೋಡೆಯಿಂದ ಇಳಿಸಿ, ಜ್ವರ ಬಂದ ಮಗುವಿನಂತೆ ಮೇಜಿನ ಮೇಲೆ ಮಲಗಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದರ ಹೊಟ್ಟೆ ಬಿಚ್ಚುತ್ತಾರೆ. ಬೀದಿಯವರೆಲ್ಲ ತಮ್ಮ ಕೈಗಡಿಯಾರ ಸರಿಮಾಡಿಕೊಳ್ಳುವುದು ಆ ಅಂಗಡಿಯ ಮುಂದೆ ನಿಂತೇ. "ಎರಡು ಗಡಿಯಾರ ಎರಡು ಸಮಯ ತೋರಿಸಿದ್ರೆ ಒಂದು ಕೆಟ್ಟಿದೆ ಅಂತ ಅರ್ಥ" ಎಂಬುದು ಅವರ ಜೀವನದ ಒಟ್ಟು ತತ್ತ್ವಶಾಸ್ತ್ರ. ಇದನ್ನು ಅವರು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ, ಅದೂ ಸರಿಯಾದ ಸಮಯಕ್ಕೆ.

ನಾನು ಅವರ ಹೆಂಡತಿಯ ತಮ್ಮ. ಹೈಸ್ಕೂಲಿನಲ್ಲಿ ಭೂಗೋಳ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಅಕ್ಷಾಂಶ ರೇಖಾಂಶ ಕಲಿಸುತ್ತಿದ್ದೇನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದ ರಾಮಾಯಣದಲ್ಲಿ ಈ ವಿಷಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಭಾವನವರ ಒಬ್ಬಳೇ ಮಗಳು ಮದುವೆಯಾಗಿ ಪಶ್ಚಿಮಕ್ಕೆ ನೆಲವೇ ಮುಗಿಯುವ ತುದಿಯ ನಗರದಲ್ಲಿದ್ದಾಳೆ. ನಾವಿರುವುದು ಈ ತುದಿ, ಅವಳಿರುವುದು ಆ ತುದಿ, ನಡುವೆ ಎಂಟು ಸಾವಿರ ಕಿಲೋಮೀಟರ್. ಅವಳಿಗೆ ಚೊಚ್ಚಲ ಹೆರಿಗೆ. ಜೊತೆಗಿರಲು ನಮ್ಮಕ್ಕ ಮೂರು ತಿಂಗಳ ಮಟ್ಟಿಗೆ ಹೋಗಬೇಕೆಂದು ಅಳಿಯ ವಿಮಾನದ ಟಿಕೆಟ್ಟು ಕಳಿಸಿದ. ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ ಒಂದೇ ಹಾಳೆ. ಆ ಹಾಳೆಯನ್ನು ಭಾವ ಅಂಗಡಿಯ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಚ್ಚಿ, ಒಂದೊಂದೇ ಅಂಕೆ ಓದಿದರು. ಅಲ್ಲಿಂದ ಶುರುವಾಯಿತು ಪೀಡೆ.

"ಮೇಷ್ಟ್ರೇ, ಬಾ ಇಲ್ಲಿ" ಎಂದು ನನ್ನನ್ನು ಕರೆದರು. ಅವರು ನನ್ನನ್ನು ಮೇಷ್ಟ್ರೇ ಎಂದು ಕರೆಯುವುದು ನನಗೆ ಏನೂ ಗೊತ್ತಿಲ್ಲ ಎಂದು ತೋರಿಸಬೇಕಾದಾಗ ಮಾತ್ರ. "ಹೋಗುವಾಗ ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊರಟು ಅಲ್ಲಿ ಮಧ್ಯಾಹ್ನ ಮೂರಕ್ಕೆ ಇಳಿಸ್ತಾರೆ. ಎಷ್ಟಾಯ್ತು?"

"ಭಾವ, ಅದು ಹಾಗಲ್ಲ..."

"ಐದು ಗಂಟೆ ಆಯ್ತು. ಬರುವಾಗ ಅಲ್ಲಿ ಸಂಜೆ ಆರಕ್ಕೆ ಹೊರಟು ಇಲ್ಲಿಗೆ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ. ಎಷ್ಟಾಯ್ತು? ಹದಿನೈದು! ಅದೇ ದಾರಿ, ಅದೇ ವಿಮಾನ, ಅದೇ ಎಂಟು ಸಾವಿರ. ಕರ್ಕೊಂಡು ಹೋಗೋಕೆ ಐದು, ವಾಪಸ್ ಬಿಡೋಕೆ ಹದಿನೈದು. ಇದರಲ್ಲಿ ಏನೋ ಮಸಲತ್ತಿದೆ."

ಗಡಿಯಾರಗಳೆಲ್ಲ ಆಗಲೇ ಹನ್ನೊಂದು ಹೊಡೆದವು. ಅರವತ್ತೊಂದು ಗಡಿಯಾರ ಹನ್ನೊಂದು ಹೊಡೆದು ಮುಗಿಸುವವರೆಗೆ ಆ ಅಂಗಡಿಯಲ್ಲಿ ಯಾರ ವಿವರಣೆಯೂ ಕೇಳಿಸುವುದಿಲ್ಲ. ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಗಾರ್ಡ್ ಸಾಹೇಬರು ಬಂದು ಸ್ಟೂಲಿನ ಮೇಲೆ ಕೂತಿದ್ದರು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಹಸಿರು ಬಾವುಟ ಕೈಬಿಟ್ಟು ಒಂಬತ್ತು ವರ್ಷವಾದರೂ ಪ್ರಪಂಚ ತಮ್ಮ ಸನ್ನೆಗೇ ಕಾದಿದೆ ಎಂದು ನಂಬಿದವರು. ಟಿಕೆಟ್ಟು ನೋಡಿದರು, ತಲೆದೂಗಿದರು.

"ಸಿಂಗಲ್ ಲೈನು" ಎಂದರು.

"ಅಂದ್ರೆ?"

"ಹೋಗೋ ವಿಮಾನಕ್ಕೆ ದಾರಿ ಬಿಟ್ಟುಕೊಡೋದಕ್ಕೆ ಬರೋ ವಿಮಾನಾನ ಅಲ್ಲಲ್ಲಿ ನಿಲ್ಲಿಸ್ತಾರೆ. ಕ್ರಾಸಿಂಗ್. ನಮ್ಮ ಕಾಲದಲ್ಲಿ ಒಂದು ಗೂಡ್ಸ್ ಗಾಡೀನ ಹದಿನಾಲ್ಕು ಗಂಟೆ ನಿಲ್ಲಿಸಿದ್ವಿ. ಡ್ರೈವರ್ ಮೂರು ಸಲ ಅಡುಗೆ ಮಾಡ್ಕೊಂಡ."

"ಗಾಳೀಲಿ ಎಲ್ಲಿ ನಿಲ್ಲಿಸ್ತಾರೆ ಸಾಹೇಬ್ರೇ?" ಎಂದೆ ನಾನು.

"ಅದು ಅವರ ಇಲಾಖೆ ವಿಷಯ. ನಾನು ಕೈ ಹಾಕಲ್ಲ" ಎಂದರು ಗಾರ್ಡ್ ಸಾಹೇಬರು, ಬಹಳ ಘನತೆಯಿಂದ.

ಇನ್ನು ಸುಮ್ಮನಿದ್ದರೆ ನನ್ನ ವೃತ್ತಿಗೇ ಅವಮಾನ ಎಂದುಕೊಂಡು ಸಂಜೆ ಶಾಲೆಯಿಂದ ಗ್ಲೋಬು ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಮೇಜಿನ ದೀಪವನ್ನು ಸೂರ್ಯ ಮಾಡಿದೆ. ಗ್ಲೋಬನ್ನು ತಿರುಗಿಸಿದೆ. ಇಲ್ಲಿ ಬೆಳಕು, ಅಲ್ಲಿ ಇನ್ನೂ ಕತ್ತಲು, ಆದ್ದರಿಂದ ಅಲ್ಲಿಯ ಸಮಯ ಬೇರೆ, ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯ ಬರೆದಿರುತ್ತಾರೆ, ನಿಜಕ್ಕೂ ಹೋಗುವುದೂ ಹತ್ತು ಗಂಟೆ, ಬರುವುದೂ ಹತ್ತು ಗಂಟೆ ಎಂದು ಎಂಟನೇ ತರಗತಿಗೆ ಹೇಳುವಂತೆ ಹೇಳಿದೆ. ಎಂಟನೇ ತರಗತಿಯವರಾದರೂ ಅರ್ಥವಾದಂತೆ ನಟಿಸುತ್ತಾರೆ.

"ಅಮೆರಿಕದಲ್ಲಿ ಹಾಗೆ, ಅದು ನನಗೂ ಗೊತ್ತು" ಎಂದರು ಭಾವ. "ಮಧ್ಯೆ ಸಮುದ್ರ ಇದೆ, ಸಮಯ ಕಿತ್ತುಹೋಗುತ್ತೆ. ಇಲ್ಲಿ ಸಮುದ್ರ ಅಡ್ಡ ಇಲ್ಲ ಕಣಪ್ಪಾ. ಒಂದೇ ನೆಲ. ಬೇಕಾದ್ರೆ ನಡ್ಕೊಂಡು ಹೋಗಬಹುದು. ನಡ್ಕೊಂಡು ಹೋಗೋವಾಗ ಯಾವ ಹೆಜ್ಜೇಲಿ ನನ್ನ ವಾಚು ಬದಲಾಗುತ್ತೆ, ಹೇಳು ನೋಡೋಣ."

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಿಸಿಯಾಗಿದ್ದ ಸೂರ್ಯ ಟಪ್ಪೆಂದು ಸುಟ್ಟುಹೋಯಿತು. ಅಕ್ಕ ಒಳಗಿನಿಂದ ಬಂದು, "ಇದ್ದ ಒಂದು ಬಲ್ಬು ಹಾಳು ಮಾಡಿದ್ರಾ? ಏಳಿ ಇಬ್ರೂ" ಎಂದಳು.

ಮಾರನೆಯ ದಿನ ಭಾವ ಅಂಗಡಿಗೆ ಒಂದು ಗಂಟೆ ರಜೆ ಹಾಕಿ, ನನ್ನನ್ನೂ ಎಳೆದುಕೊಂಡು ವಿಮಾನ ಕಂಪನಿಯ ಕಚೇರಿಗೆ ಹೋದರು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಬಹಳ ವಿನಯದವಳು. ಆ ವಿನಯವೇ ಮುಳುವಾಯಿತು.

"ಸರ್, ಅದೇನೂ ತೊಂದರೆ ಇಲ್ಲ" ಎಂದು ನಕ್ಕಳು. "ಅಲ್ಲಿಯ ಗಡಿಯಾರ ನಮಗಿಂತ ಐದು ಗಂಟೆ ಹಿಂದೆ ಇದೆ, ಅಷ್ಟೇ."

ಭಾವನವರ ಮುಖದಲ್ಲಿ ಒಂದು ಬೆಳಕು ಹರಡಿತು. ಕೈ ಮೇಜಿನ ಮೇಲೆ ಊರಿ ಮುಂದೆ ಬಗ್ಗಿದರು.

"ಹಿಂದೆ ಇದೆಯಾ? ಎಷ್ಟು ದಿನದಿಂದ?"

"ಯಾವಾಗ್ಲೂ ಹಾಗೇ ಸರ್."

"ಯಾವಾಗ್ಲೂ! ನಿಮಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತು ಸರ್."

"ಎಲ್ಲರಿಗೂ ಗೊತ್ತಿದ್ದೂ ಯಾರೂ ರಿಪೇರಿ ಮಾಡಿಸ್ಲಿಲ್ವಾ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಭಾವ ವಿಜಯಶಾಲಿಯಾಗಿ ಬೀದಿಗಿಳಿದರು. ವಿಮಾನದ್ದೇನೂ ತಪ್ಪಿಲ್ಲ ಪಾಪ, ಪೈಲಟ್ಟನದ್ದೂ ತಪ್ಪಿಲ್ಲ. ಆ ನಿಲ್ದಾಣದ ದೊಡ್ಡ ಗಡಿಯಾರ ಐದು ಗಂಟೆ ನಿಧಾನ! ಕಂಪನಿಯವರೇ ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆ! ಅಂಗಡಿ ತಲುಪುವುದರೊಳಗೆ ಈ ಸುದ್ದಿ ಗಾರ್ಡ್ ಸಾಹೇಬರಿಗೂ ಎದುರು ಮನೆಯ ದರ್ಜಿಗೂ ಆ ದಿನ ವಾಚಿಗೆ ಪಟ್ಟಿ ಹಾಕಿಸಿಕೊಳ್ಳಲು ಬಂದ ಮೂವರು ಗಿರಾಕಿಗಳಿಗೂ ತಲುಪಿತ್ತು.

ಆ ಸಂಜೆ ಮಗಳ ಫೋನು ಬಂತು. ನಾನು ಅಲ್ಲೇ ಇದ್ದೆ.

"ಮಗಳೇ, ಈಗ ನಿಮ್ಮಲ್ಲಿ ಗಂಟೆ ಎಷ್ಟು?"

"ಮಧ್ಯಾಹ್ನ ಒಂದು ಅಪ್ಪ. ಯಾಕೆ?"

ಗೋಡೆಯ ಮೇಲೆ ಅರವತ್ತೊಂದು ಗಡಿಯಾರ ಆರು ತೋರಿಸುತ್ತಿದ್ದವು. ಭಾವ ಫೋನಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ತಿರುಗಿ, "ಕೇಳಿದೆಯಾ? ನಮ್ಮ ಬೀದಿಯೋರು ನನ್ನ ಅಂಗಡಿ ನೋಡಿ ಟೈಮ್ ಇಟ್ಕೋತಾರಲ್ಲ, ಹಾಗೆ ಆ ಊರಿಗೆ ಊರೇ ಏರ್‌ಪೋರ್ಟ್ ಗಡಿಯಾರ ನೋಡಿ ಇಟ್ಕೊಂಡಿದೆ. ಪಾಪ ಕೂಸು, ಸಂಜೆ ಆರಕ್ಕೆ ಮಧ್ಯಾಹ್ನದ ಊಟ ಮಾಡ್ತಿದೆ" ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಮುಂದಿನದ್ದರಲ್ಲಿ ನನ್ನ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ. ಆ ನಿಲ್ದಾಣದ ಮ್ಯಾನೇಜರಿಗೆ ಒಂದು ಕಾಗದ ಬರೆದುಕೊಡಬೇಕೆಂದು ಭಾವ ಹಟ ಹಿಡಿದರು. ಬೇಡವೆನ್ನಬಹುದಿತ್ತು. ಆದರೆ ಗ್ಲೋಬಿನ ಅವಮಾನ ಇನ್ನೂ ಹಸಿಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಆ ಕಾಗದ ಓದುವ ಮ್ಯಾನೇಜರನ ಮುಖವನ್ನು ನೆನೆದು ಹೊಟ್ಟೆಯೊಳಗೆ ಕಚಗುಳಿಯಾಗುತ್ತಿತ್ತು. ನೀಟಾದ ಇಂಗ್ಲಿಷಿನಲ್ಲಿ ಬರೆದೆ. ಮಾನ್ಯರೇ, ತಮ್ಮ ಗಡಿಯಾರ ಐದು ಗಂಟೆ ನಿಧಾನವಾಗಿರುವುದು ತಿಳಿದುಬಂದಿದೆ, ಇದರೊಂದಿಗೆ ಸರಿಯಾದ ಸಮಯವುಳ್ಳ ಒಂದು ಗಡಿಯಾರವನ್ನೂ ಸಲಕರಣೆಗಳನ್ನೂ ಕಳಿಸಿದ್ದೇನೆ, ಎಣ್ಣೆಯನ್ನು ಒಂದು ಹನಿಗಿಂತ ಹೆಚ್ಚು ಹಾಕಬಾರದು ಎಂದು. ಕೊನೆಗೆ ಭಾವ, "ಸಾಕ್ಷಿ ಅಂತ ನಿಂದೂ ಒಂದು ಸಹಿ ಹಾಕು. ಕೆಳಗೆ ಭೂಗೋಳ ಶಿಕ್ಷಕರು ಅಂತ ಬರಿ, ತೂಕ ಇರುತ್ತೆ" ಎಂದರು. ನಗುವಿನ ಅಮಲಿನಲ್ಲಿ ಅದನ್ನೂ ಮಾಡಿದೆ.

ಅಕ್ಕನ ಸೂಟ್‌ಕೇಸಿನಲ್ಲಿ ಮಗುವಿನ ಬಟ್ಟೆಗಳ ನಡುವೆ ಒಂದು ಅಲಾರಂ ಗಡಿಯಾರ, ಹನ್ನೆರಡು ಸ್ಕ್ರೂ ಡ್ರೈವರ್, ಎರಡು ಚಿಮಟ, ಸುರುಳಿ ಸ್ಪ್ರಿಂಗು, ಎಣ್ಣೆಯ ಪುಟ್ಟ ಸೀಸೆ ಸೇರಿದವು.

"ಅಕ್ಕ, ಇದನ್ನೆಲ್ಲ ತೆಗೆದು ಬಿಸಾಕಬಾರದಾ?" ಎಂದೆ ಗುಟ್ಟಾಗಿ.

"ಇರಲಿ ಬಿಡೋ" ಎಂದಳು. ಕುಲಾವಿ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಮೂವತ್ಮೂರು ವರ್ಷದಲ್ಲಿ ನಾನು ಒಂದು ವಾರ ಈ ಮನೆ ಬಿಟ್ಟಿದ್ದಿಲ್ಲ. ಹೋಗ್ಬೇಡ ಅಂತ ಅವರ ಬಾಯಲ್ಲಿ ಬರಲ್ಲ. ಹೋಗು ಅಂತಾನೂ ಬರಲ್ಲ. ಅದಕ್ಕೇ ಆ ಟಿಕೆಟ್ಟಿನ ಮೇಲೆ ಹರಿಹಾಯ್ತಿದಾರೆ."

ಹೊರಡುವ ದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ನಾವು ಮೂವರೂ ಹೋದೆವು, ಬಾವುಟವಿಲ್ಲದೆ ಗಾರ್ಡ್ ಸಾಹೇಬರೂ ಬಂದರು. ಅಕ್ಕ ಸಾಮಾನಿನ ಗಾಡಿ ತಳ್ಳಿಕೊಂಡು ಒಳಗೆ ಹೋದಳು. ನಾವು ಗಾಜಿನ ಗೋಡೆಗೆ ಮೂಗು ಒತ್ತಿ ನಿಂತೆವು. ಸೂಟ್‌ಕೇಸು ತಪಾಸಣೆಯ ಯಂತ್ರದೊಳಗೆ ಹೋಯಿತು. ಅಲ್ಲಿ ಕೂತಿದ್ದವನು ಪರದೆ ನೋಡಿದ, ಮತ್ತೆ ನೋಡಿದ, ಎದ್ದು ನಿಂತ. ಸೂಟ್‌ಕೇಸಿಗೆ ಕಿವಿಯಿಟ್ಟ. ಟಿಕ್ ಟಿಕ್. ಆಗ ಸರಿಯಾಗಿ ಎಂಟು ಗಂಟೆ. ಭಾವನವರ ಅಂಗಡಿ ಬಾಗಿಲು ತೆಗೆಯುವ ಸಮಯ. ಅವರ ಕೈಯಿಂದ ಹೊರಬಿದ್ದ ಯಾವ ಅಲಾರಮ್ಮೂ ಎಂಟಕ್ಕೆ ಹೊಡೆಯದೆ ಬಿಟ್ಟದ್ದಿಲ್ಲ.

ಹೊಡೆಯಿತು. ಸಾಲಿನಲ್ಲಿದ್ದ ಅರವತ್ತು ಜನ ಒಟ್ಟಿಗೆ ನೆಲಕ್ಕೆ ಕೂತರು. ನಿಂತಿದ್ದವಳು ನಮ್ಮಕ್ಕ ಒಬ್ಬಳೇ.

"ನೋಡಿದ್ಯಾ?" ಎಂದರು ಭಾವ ಗಾಜಿನ ಈಚೆ, ಹೆಮ್ಮೆಯಿಂದ. "ಒಂದು ಸೆಕೆಂಡ್ ಆಚೆ ಈಚೆ ಇಲ್ಲ."

ಐದು ನಿಮಿಷದಲ್ಲಿ ನಮ್ಮನ್ನೂ ಒಳಗೆ ಕರೆಸಿದರು. ಕರೆಸಿದರು ಎಂಬುದು ಮರ್ಯಾದೆಯ ಮಾತು. ಪುಟ್ಟ ಕೋಣೆ, ಉಕ್ಕಿನ ಮೇಜು, ಮೇಜಿನ ಮೇಲೆ ನಮ್ಮ ಸಾಮಾನೆಲ್ಲ ಸಾಲಾಗಿ. ದಪ್ಪ ಮೀಸೆಯ ತಪಾಸಣಾಧಿಕಾರಿ ಕಾಗದವನ್ನು ಎರಡು ಸಲ ಓದಿದ. ಆಮೇಲೆ ಗಟ್ಟಿಯಾಗಿ, "ಸಾಕ್ಷಿ, ಭೂಗೋಳ ಶಿಕ್ಷಕರು. ಯಾರದು?" ಎಂದ.

ನಾನು ಕೈಯೆತ್ತಿದೆ. ನನ್ನ ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ಎಷ್ಟು ಎತ್ತರಕ್ಕೆ ಎತ್ತುತ್ತಾರೋ ಅಷ್ಟೇ ಎತ್ತಿದೆ.

"ಯಾವ ಶಾಲೆ?"

"ಬೇಡ ಬಿಡಿ ಸರ್."

ಗಾರ್ಡ್ ಸಾಹೇಬರು, "ನನಗೂ ಇವರಿಗೂ ಸಂಬಂಧ ಇಲ್ಲ, ನಾನು ಸಿಗ್ನಲ್ ನೋಡೋಕೆ ಬಂದವನು" ಎಂದು ಬಾಗಿಲ ಕಡೆ ಸರಿದರು.

ವಿಚಾರಣೆ ನಡೆಯಿತು. ಸಮಯವೂ ನಡೆಯಿತು. ಒಂಬತ್ತಕ್ಕೆ ಕೌಂಟರು ಮುಚ್ಚುತ್ತಾರೆ, ಆಗಲೇ ಎಂಟೂ ನಲವತ್ತು. ಅಕ್ಕನ ಮುಖ ಬಿಳಿಚಿಕೊಂಡಿತು. ಅಲ್ಲಿ ಮಗಳಿಗೆ ದಿನ ತುಂಬಿತ್ತು. ಈ ವಿಮಾನ ತಪ್ಪಿದರೆ ಮುಂದಿನದು ನಾಲ್ಕು ದಿನದ ಮೇಲೆ. ನನಗೆ ಆ ಕಾಗದದ ಒಂದೊಂದು ಅಕ್ಷರವೂ ಚುಚ್ಚತೊಡಗಿತು.

"ಅಲ್ರೀ, ಹೆರಿಗೆಗೆ ಹೋಗೋ ಹೆಂಗಸಿನ ಪೆಟ್ಟಿಗೇಲಿ ಯಾಕ್ರೀ ಇಟ್ರಿ ಇದನ್ನ?" ಎಂದು ಅಧಿಕಾರಿ ಮೇಜು ಗುದ್ದಿದ.

ಭಾವ ತಲೆ ತಗ್ಗಿಸಿದರು. "ಅಲ್ಲಿ ಗಡಿಯಾರ ಐದು ಗಂಟೆ ನಿಧಾನ ಸ್ವಾಮಿ. ಇವಳು ಅದನ್ನ ನಂಬಿಕೊಂಡು ಕೂತ್ರೆ ವಾಪಸ್ ಬರೋ ವಿಮಾನ ತಪ್ಪುತ್ತೆ. ಮೊದಲೇ ಬರೋದಕ್ಕೆ ಹದಿನೈದು ಗಂಟೆ ಅಂತಾರೆ. ಹೋಗೋದು ಸುಲಭ ಮಾಡಿಟ್ಟು ಬರೋದು ಕಷ್ಟ ಮಾಡಿಟ್ಟಿದ್ದಾರೆ. ಅಲ್ಲಿ ಮಗಳು, ಮೊಮ್ಮಗು ಎಲ್ಲ ಇರ್ತಾರೆ. ಇಲ್ಲಿ ಇರೋದು ನಾನೊಬ್ಬ. ಬರದೇ ಇದ್ರೆ?"

ಅಕ್ಕ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಅಧಿಕಾರಿ ಮೀಸೆ ತಿರುವಿಕೊಂಡು, ತನ್ನ ಕೈಗಡಿಯಾರ ನೋಡಿ, "ಇನ್ನೂ ಇಪ್ಪತ್ನಾಲ್ಕು ನಿಮಿಷ ಇದೆ" ಎಂದ.

"ಇಪ್ಪತ್ತೇ ಇರೋದು" ಎಂದರು ಭಾವ. "ನಿಮ್ಮದು ನಾಲ್ಕು ನಿಮಿಷ ನಿಧಾನ. ಕೊಡಿ ಇಲ್ಲಿ."

ನಾನು ಭಾವನವರ ತೋಳು ಹಿಡಿದು ಎಳೆದೆ. ಆದರೆ ಅಧಿಕಾರಿಗೆ ಏನನ್ನಿಸಿತೋ, ವಾಚು ಬಿಚ್ಚಿ ಕೊಟ್ಟುಬಿಟ್ಟ. ಸಾಕ್ಷಿಯಾಗಿ ಮೇಜಿನ ಮೇಲಿದ್ದ ಸ್ಕ್ರೂ ಡ್ರೈವರನ್ನೇ ಎತ್ತಿಕೊಂಡು ಭಾವ ಹಿಂಬದಿ ತೆಗೆದರು, ಏನನ್ನೋ ಕೂದಲೆಳೆಯಷ್ಟು ಸರಿಸಿದರು, ಮುಚ್ಚಿದರು. ಎರಡು ನಿಮಿಷದ ಕೆಲಸ. "ಮನೇಲಿ ಬೈಗುಳ ತಿಂತಿದ್ದೆ ರೀ, ದಿನಾ ಲೇಟು ಅಂತ" ಎಂದ ಅಧಿಕಾರಿ, ಸಣ್ಣ ದನಿಯಲ್ಲಿ. ಗಡಿಯಾರ, ಸಲಕರಣೆ, ಕಾಗದ ಎಲ್ಲ ಇಲ್ಲೇ ಇರತಕ್ಕದ್ದು, ಅಮ್ಮ ಹೋಗತಕ್ಕದ್ದು ಎಂದು ತೀರ್ಪಾಯಿತು.

ಭಾವ ತಾವು ಕಟ್ಟಿದ್ದ ವಾಚನ್ನೇ ಬಿಚ್ಚಿ ಅಕ್ಕನ ಕೈಗೆ ಕಟ್ಟಿದರು. ಪಟ್ಟಿಗೆ ತೂತು ಸಾಲದೆ ಅವಳ ಮೊಣಕೈವರೆಗೂ ಜಾರುತ್ತಿತ್ತು.

"ದಿನಾ ಬೆಳಿಗ್ಗೆ ಆರಕ್ಕೆ ಇಪ್ಪತ್ತು ಸುತ್ತು ಕೀ ಕೊಡು. ಈ ತಿರುಪನ್ನ ಹೊರಗೆ ಮಾತ್ರ ಎಳೀಬೇಡ. ಅಲ್ಲಿ ಯಾರು ಏನೇ ಹೇಳಲಿ, ಮುಳ್ಳು ತಿರುಗಿಸಬೇಡ. ಆಯ್ತಾ?"

"ಆಯ್ತು ರೀ" ಎಂದಳು ಅಕ್ಕ, ಓಡುತ್ತಾ.

ಅವಳು ಮಾತಿಗೆ ತಪ್ಪುವವಳಲ್ಲ. ಒಂದು ವಾರಕ್ಕೆ ಮಗಳ ಫೋನು ಬಂತು.

"ಅಪ್ಪ, ಅಮ್ಮನಿಗೆ ಏನು ಹೇಳಿ ಕಳ್ಸಿದೀರಿ? ಇಲ್ಲಿ ರಾತ್ರಿ ಒಂದು ಗಂಟೆ ಆದ್ರೆ ಸಾಕು, ಎದ್ದು ವಾಚಿಗೆ ಕೀ ಕೊಟ್ಟು, ಸ್ನಾನ ಮಾಡಿ, ತಿಂಡಿ ಮಾಡಿಡ್ತಾರೆ. ನಾವು ತಿಂಡಿ ತಿನ್ನೋವಾಗ ಅವರದ್ದು ಊಟ ಆಗಿರುತ್ತೆ. ಸಂಜೆ ಐದಕ್ಕೆ ದೀಪ ಆರಿಸಿ ಮಲಗ್ತಾರೆ. ನಿಮ್ಮ ಅಳಿಯ ತಮ್ಮ ಮನೇಲೇ ಬೆಕ್ಕಿನ ಥರ ಓಡಾಡ್ತಿದಾರೆ!"

"ಅವಳೊಬ್ಬಳೇ ಆ ಊರಲ್ಲಿ ಸರಿಯಾದ ಟೈಮಿಗೆ ಬದುಕ್ತಿರೋದು" ಎಂದರು ಭಾವ, ತೃಪ್ತಿಯಿಂದ.

ನಾನು ನಕ್ಕೆ. ಗಾರ್ಡ್ ಸಾಹೇಬರೂ ನಕ್ಕರು. ಒಂಬತ್ತು ದಿನಕ್ಕೆ ನಮ್ಮ ನಗು ನಿಂತಿತು. ಅಲ್ಲಿಯ ಬೆಳಗಿನ ಜಾವ ಮೂರಕ್ಕೆ ಮಗಳಿಗೆ ಇದ್ದಕ್ಕಿದ್ದಂತೆ ನೋವು ಬಂತಂತೆ. ಅಳಿಯ ನಿದ್ದೆಗಣ್ಣಿನಲ್ಲಿ ಕನ್ನಡಕ ಹುಡುಕಲು ಕನ್ನಡಕ ಹುಡುಕುತ್ತಿದ್ದನಂತೆ. ಅಕ್ಕನ ವಾಚಿನಲ್ಲಿ ಆಗ ಬೆಳಿಗ್ಗೆ ಎಂಟು. ಸ್ನಾನ ಆಗಿತ್ತು, ತಿಂಡಿ ಆಗಿತ್ತು, ತಲೆ ಬಾಚಿಯಾಗಿತ್ತು, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿತ್ತು. ಎರಡು ನಿಮಿಷದಲ್ಲಿ ಮಗಳನ್ನು ಕಾರಿಗೆ ಹತ್ತಿಸಿ, ಅಳಿಯನಿಗೆ ಅಂಗಿ ತೊಡಿಸಿ, ಆಸ್ಪತ್ರೆ ಮುಟ್ಟಿಸಿದಳು. ಇನ್ನು ಕಾಲು ಗಂಟೆ ತಡವಾಗಿದ್ದರೆ ದಾರಿಯಲ್ಲೇ ಆಗಿಬಿಡುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಹೆಣ್ಣು ಮಗು, ತಾಯಿ ಮಗು ಕ್ಷೇಮ.

ಇದಾದ ಮೇಲೆ ಭಾವನವರನ್ನು ಹಿಡಿಯುವವರು ಯಾರು? ವಾಚಿಗೆ ಪಟ್ಟಿ ಹಾಕಿಸಲು ಬಂದವರೆಲ್ಲ ಈ ಕಥೆ ಕೇಳಿಯೇ ಹೋಗಬೇಕಾಯಿತು. ಆದರೆ ಗಿರಾಕಿಗಳು ಹೋದ ಮೇಲೆ ಅವರು ಟಿಕೆಟ್ಟಿನ ನಕಲನ್ನು ಡ್ರಾಯರಿನಿಂದ ತೆಗೆದು ಆ ಹದಿನೈದರ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದೆ.

ಮೂರು ತಿಂಗಳು ಮುಗಿಯಿತು. ಈ ಸಲವಾದರೂ ಮೇಷ್ಟ್ರುಗಿರಿಯ ಮಾನ ಉಳಿಸಿಕೊಳ್ಳಬೇಕೆಂದು ನಾನು ಅಕ್ಕ ಬರುವ ಹಿಂದಿನ ದಿನ ಅಂಗಡಿಯಲ್ಲಿ ಎಲ್ಲರ ಮುಂದೆ ಸಾರಿದೆ. "ಟಿಕೆಟ್ಟಿನಲ್ಲಿ ಒಂಬತ್ತು ಅಂತ ಇದೆ. ಆದರೆ ಆ ಊರಿಗೂ ನಮಗೂ ಐದು ಗಂಟೆ ವ್ಯತ್ಯಾಸ. ಕೂಡಿಸಿ. ಮಧ್ಯಾಹ್ನ ಎರಡು! ನಾನೇ ಹೋಗಿ ಕರ್ಕೊಂಡು ಬರ್ತೀನಿ." ಗಾರ್ಡ್ ಸಾಹೇಬರು ಭಲೆ ಎಂದರು. ಭಾವ ಮಾತ್ರ ಯಾವುದೋ ಲೋಲಕ ಒರೆಸುತ್ತಿದ್ದರು.

ಮಾರನೆಯ ದಿನ ಒಂದೂವರೆಗೇ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನ ಮುಂದೆ ನಿಂತೆ. ಎರಡಾಯಿತು. ಮೂರಾಯಿತು. ದಪ್ಪ ಮೀಸೆಯ ಅಧಿಕಾರಿ ಆ ಕಡೆ ಬಂದವನು ನನ್ನನ್ನು ಗುರುತು ಹಿಡಿದು, "ಏನ್ ಭೂಗೋಳ ಶಿಕ್ಷಕರೇ, ಯಾರಿಗೆ ಕಾಯ್ತಿದೀರಿ? ನಿಮ್ಮ ಅಕ್ಕ ಬೆಳಿಗ್ಗೆ ಒಂಬತ್ತಕ್ಕೇ ಬಂದ್ರಲ್ಲ. ಗಡಿಯಾರದ ಯಜಮಾನ್ರು ಏಳಕ್ಕೇ ಬಂದು ನಿಂತಿದ್ರು. ನನ್ನ ವಾಚು ಇನ್ನೊಂದ್ಸಲ ನೋಡಿಕೊಟ್ರು" ಎಂದ.

ಟಿಕೆಟ್ಟಿನಲ್ಲಿ ಇಳಿಯುವ ಊರಿನ ಸಮಯವನ್ನೇ ಬರೆದಿರುತ್ತಾರೆ. ಇದನ್ನು ಮೂರು ತಿಂಗಳ ಹಿಂದೆ ದೀಪ ಸುಟ್ಟುಕೊಂಡು ಬೋಧಿಸಿದವನು ನಾನೇ.

ಅಕ್ಕನ ಮನೆಗೆ ಬಂದಾಗ ಇಬ್ಬರೂ ಚಹಾ ಕುಡಿಯುತ್ತಿದ್ದರು. ಭಾವ ಅಕ್ಕನ ಕೈಯನ್ನು ಮೇಜಿನ ಮೇಲೆ ಇರಿಸಿಕೊಂಡು, ಭೂತಗನ್ನಡಿ ಹಚ್ಚಿ, ವಾಚು ಪರೀಕ್ಷಿಸುತ್ತಿದ್ದರು. ವಾಚು ನೋಡಿ ಮುಗಿದಿದ್ದರೂ ಕೈ ಬಿಟ್ಟಿರಲಿಲ್ಲ.

"ಮುಳ್ಳು ಮುಟ್ಟಿಲ್ಲ ತಾನೇ?"

"ಇಲ್ಲ ರೀ, ಆಣೆ."

"ಹದಿನೈದು ಗಂಟೆ ಕೂತು ಸೊಂಟ ಹಿಡ್ಕೊಂಡಿರಬೇಕು."

ಅಕ್ಕನ ಮುಖದಲ್ಲಿ ತುಂಟತನ ಆಡಿತು. "ಹದಿನೈದೆಲ್ಲಿ? ಹತ್ತೇ ಗಂಟೆ. ನಿಮ್ಮ ವಾಚಲ್ಲೇ ನೋಡಿದೆ. ಹನ್ನೊಂದಕ್ಕೆ ಹತ್ತಿದೆ, ಒಂಬತ್ತಕ್ಕೆ ಇಳಿದೆ. ಹೋಗೋವಾಗ್ಲೂ ಹತ್ತೇ. ಹತ್ತಕ್ಕೆ ಹತ್ತಿದ್ದೆ, ರಾತ್ರಿ ಎಂಟಕ್ಕೆ ಇಳಿದಿದ್ದೆ. ಅಲ್ಲಿ ಇಳಿದ ದಿನವೇ ಗೊತ್ತಾಯ್ತು."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಯಾವ ಹೊತ್ತಿಗೆ ಎದ್ದಿದೀರಿ, ಯಾವ ಹೊತ್ತಿಗೆ ಉಂಡಿರಿ ಅಂತ ನನಗೆ ಹೇಗೆ ಗೊತ್ತಾಗ್ತಿತ್ತು? ಮುಳ್ಳು ತಿರುಗಿಸಿಬಿಡು ಅಂತಿದ್ರಿ."

ಭಾವ ಭೂತಗನ್ನಡಿ ತೆಗೆದರು. ಅಕ್ಕನ ಕೈ ಸಮೇತ ಆ ವಾಚನ್ನು ಕಿವಿಗೆ ಹಿಡಿದರು. ತಮ್ಮ ಕೈಯಾರೆ ಸರಿಮಾಡಿದ ವಾಚು ಸುಳ್ಳು ಹೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

"ನಿನಗೆ ಹತ್ತೇ ಇರಬಹುದು" ಎಂದರು. "ನನಗೆ ಮೂರು ತಿಂಗಳು ಹಿಡೀತು."

ಬಾಗಿಲಲ್ಲಿ ನಿಂತಿದ್ದ ನಾನು ಸದ್ದಿಲ್ಲದೆ ಹಿಂದೆ ಸರಿಯಬೇಕೆಂದಿದ್ದೆ. ಅಕ್ಕ ನೋಡಿಬಿಟ್ಟಳು. "ಎಲ್ಲಿ ಸತ್ತಿದ್ಯೋ? ಏರ್‌ಪೋರ್ಟಿಗೆ ಬರ್ಲೇ ಇಲ್ಲ!"

"ಹೋಗಿದ್ದೆ ಅಕ್ಕ. ನಾನು ಎರಡು ಗಂಟೆ ಅಂತ..."

"ಎರಡಾ?" ಎಂದರು ಭಾವ. ಮತ್ತೆ ಭೂತಗನ್ನಡಿ ಕಣ್ಣಿಗೇರಿತು. "ಟಿಕೆಟ್ಟಲ್ಲಿ ಒಂಬತ್ತು ಅಂತ ಅಚ್ಚು ಹಾಕಿತ್ತಲ್ಲಪ್ಪ. ನಮ್ಮ ಅರವತ್ತೊಂದರಲ್ಲೂ ಒಂಬತ್ತೇ ಇತ್ತು, ಇವಳ ಕೈಲೂ ಒಂಬತ್ತೇ ಇತ್ತು. ಐದು ಗಂಟೆ ತಪ್ಪಿರೋದು ನಿಂದೊಂದೇ. ಕೊಡು ಇಲ್ಲಿ ಮೇಷ್ಟ್ರೇ, ಹೊಟ್ಟೆ ಬಿಚ್ಚಿ ನೋಡೋಣ."

ನಾನು ವಾಚು ಬಿಚ್ಚಿ ಕೊಟ್ಟೆ.